ಹಳೇ ಟ್ರಾವೆಲ್ ಟ್ರೇಲರ್‌ನ ಕಿಟಕಿ ಗಾಜು ಬದಲಾಯಿಸುವುದು: ಬಿಚ್ಚುವುದರಿಂದ ಹಿಡಿದು ನೀರು ಬಿಟ್ಟು ನೋಡುವವರೆಗೆ

ಹೊಸ ಗಾಜು ಹಾಕಿದ ಮೇಲೆ ಮೊದಲ ಸಲ ಹೈವೇಗೆ ಇಳಿಸಿದಾಗಲೇ ಮೂಲೆಯಿಂದ ಬಿರುಕು. ಇಲ್ಲದಿದ್ದರೆ ಗಾಜು ಗಟ್ಟಿಯಾಗೇ ಇದೆ, ಮಳೆ ಬಂದರೆ ಮಾತ್ರ ಕಿಟಕಿ ಕೆಳಗಿನ ಸೀಟು ಒದ್ದೆ. ಅಮೆರಿಕದಲ್ಲಿ ಹಳೇ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಕೊಂಡು ರಿಪೇರಿ ಮಾಡಿಕೊಳ್ಳುತ್ತಿರುವ ನಮ್ಮವರಿಂದ ಪದೇ ಪದೇ ಕೇಳುವುದು ಈ ಎರಡೇ ದೂರು. ಎರಡಕ್ಕೂ ಕಾರಣ ಒಂದೇ ಕಡೆ ಇರುತ್ತದೆ. ಗಾಜನ್ನು ಮೊದಲು ಆರ್ಡರ್ ಮಾಡಿ, ಚೌಕಟ್ಟನ್ನೂ ಅದರ ಹಿಂದಿನ ಮರವನ್ನೂ ಕೊನೆಗೆ ನೋಡುತ್ತಾರೆ. ಕೆಲಸ ನಡೆಯಬೇಕಾದ್ದು ಉಲ್ಟಾ.

ಎರಡು ಮಾತು ಕೊನೆಯವರೆಗೂ ನೆನಪಿರಲಿ. ಗಾಜು ಎಲ್ಲಿಯೂ ಲೋಹಕ್ಕೆ ತಾಗಬಾರದು. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇರಬೇಕು. ಕೆಳಗೆ ಬರುವ ಎಲ್ಲ ಹಂತಗಳೂ ಈ ಎರಡಕ್ಕಾಗಿಯೇ ಇವೆ.

## ಹಂತ 1: ನಿಮ್ಮ ಕಿಟಕಿ ಯಾವ ಜಾತಿಯದು ನೋಡಿಕೊಳ್ಳಿ

ಇದನ್ನು ಬರೆದಿರುವುದು 1950-60ರ ದಶಕದ ಶಾಸ್ತಾ, ಸ್ಕಾಟಿ ಥರದ ಚಿಕ್ಕ ಟ್ರೇಲರ್‌ಗಳಿಗಾಗಿ. ಒಳಗೆ ಮರದ ಅಸ್ಥಿಪಂಜರ, ಹೊರಗೆ ತೆಳು ಅಲ್ಯುಮಿನಿಯಂ ತಗಡು, ಕಿಟಕಿಗೆ ಚಪ್ಪಟೆ ಗಾಜು. ಇವುಗಳಲ್ಲಿ ತುಂಬ ಕಾಣುವುದು ಹ್ಯಾಂಡಲ್ ತಿರುಗಿಸಿದರೆ ಕೆಳಗಿನಿಂದ ಹೊರಕ್ಕೆ ತೆರೆದುಕೊಳ್ಳುವ ಕಿಟಕಿ. ಅದರಲ್ಲಿ ಎರಡು ಭಾಗ ಇವೆ. ಗೋಡೆಗೆ ಸ್ಕ್ರೂ ಹೊಡೆದ ಹೊರಚೌಕಟ್ಟು ಒಂದು, ಗಾಜು ಹಿಡಿದುಕೊಂಡು ತೆರೆದು ಮುಚ್ಚುವ ರೆಕ್ಕೆ ಇನ್ನೊಂದು.

ಉದ್ದುದ್ದ ಪಟ್ಟಿಗಳಂತೆ ಗಾಜು ಜೋಡಿಸಿದ ಜಾಲೂಸಿ ಕಿಟಕಿಯಾದರೆ ನಿಮ್ಮ ಕೆಲಸ ಬಹಳ ಸುಲಭ. ಪಟ್ಟಿಯ ಎರಡೂ ತುದಿಯಲ್ಲಿ ಚಿಕ್ಕ ಲೋಹದ ನಾಲಿಗೆ ಇರುತ್ತದೆ. ಅದನ್ನು ನಿಧಾನವಾಗಿ ಬಗ್ಗಿಸಿ ಹಳೇ ಪಟ್ಟಿ ಜಾರಿಸಿ ತೆಗೆದು, ಅಷ್ಟೇ ದಪ್ಪದ, ಉದ್ದನೆಯ ಅಂಚು ನಯ ಮಾಡಿದ ಹೊಸ ಪಟ್ಟಿ ಜಾರಿಸಿ, ನಾಲಿಗೆಯನ್ನು ಮತ್ತೆ ಮಡಚಿದರೆ ಮುಗಿಯಿತು. ಆ ನಾಲಿಗೆಯನ್ನು ಹಿಂದೆ ಮುಂದೆ ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ, ಅಷ್ಟು ಜೋಪಾನ ಸಾಕು.

ಏರ್‌ಸ್ಟ್ರೀಮ್‌ನ 1966ರಿಂದ 1968ರವರೆಗಿನ ಟ್ರೇಲರ್ ಇದ್ದರೆ ಇಲ್ಲೇ ನಿಲ್ಲಿಸಿ. ಅದರಲ್ಲಿ ಕಾರ್ನಿಂಗ್ ಕಂಪನಿಯ ಬಾಗಿದ, ರಾಸಾಯನಿಕ ವಿಧಾನದಲ್ಲಿ ಗಟ್ಟಿ ಮಾಡಿದ ತೆಳು ಗಾಜು ಇರುತ್ತದೆ. ಊರಿನ ಗಾಜಿನ ಅಂಗಡಿಯಲ್ಲಿ ಅದನ್ನು ಕತ್ತರಿಸಿಕೊಡಲು ಆಗುವುದಿಲ್ಲ. ಏರ್‌ಸ್ಟ್ರೀಮ್ ಕೆಲಸವನ್ನೇ ಮಾಡುವವರ ಹತ್ತಿರ ಹೋಗಿ.

## ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್. ಅಗಲವಾದ ಅಂಟು ಟೇಪು, ಮಾಸ್ಕಿಂಗ್ ಟೇಪು, ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ತೆಳು ಪುಟ್ಟಿ ಚಾಕು, ರಬ್ಬರ್ ಸುತ್ತಿಗೆ, ಹೀಟ್ ಗನ್, ಮಿನರಲ್ ಸ್ಪಿರಿಟ್ (ಬಣ್ಣ ತೆಳು ಮಾಡುವ ದ್ರಾವಣ), ಹಳೇ ಬಟ್ಟೆ, ಒಂದು ದಬ್ಬಣ, 1/16 ಇಂಚಿನ ಗೆರೆಗಳಿರುವ ಅಳತೆ ಪಟ್ಟಿ. ಇವುಗಳ ಜೊತೆ ಬ್ಯೂಟೈಲ್ ಟೇಪು (ಚೌಕಟ್ಟಿಗೂ ತಗಡಿಗೂ ನಡುವೆ ಕೂರುವ ಜಿಗುಟು ಪಟ್ಟಿ), ಗಾಜಿನ ಸುತ್ತ ಕೂರುವ ಹೊಸ ವಿನೈಲ್ ಅಥವಾ ರಬ್ಬರ್ ಬೀಡಿಂಗ್, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಬಣ್ಣದ ಮೇಲೂ ಲೋಹದ ಮೇಲೂ ಹಿಡಿಯುವ ಒಳ್ಳೆಯ ಸೀಲೆಂಟ್ ಒಂದು ಟ್ಯೂಬ್.

ಒಂದು ಸಾಮಾನು ಮಾತ್ರ ಬಹಳ ಜನರ ಹತ್ತಿರ ಇರುವುದಿಲ್ಲ. ಆ ಕಾಲದ ಅನೇಕ ಟ್ರೇಲರ್‌ಗಳಲ್ಲಿ ಸ್ಕ್ರೂ ತಲೆಯ ಗುಂಡಿ 8ರ ಆಕಾರದಲ್ಲಿರುತ್ತದೆ, ಅದನ್ನು ಕ್ಲಚ್ ಹೆಡ್ ಅನ್ನುತ್ತಾರೆ. ಮಾಮೂಲಿ ಸ್ಕ್ರೂಡ್ರೈವರ್ ತುರುಕಿದರೆ ಗುಂಡಿ ಸವೆದು, ಆಮೇಲೆ ಡ್ರಿಲ್ ಹಾಕಿ ತಲೆ ಹಾರಿಸುವುದೊಂದೇ ದಾರಿ. ಕ್ಲಚ್ ಹೆಡ್ ಬಿಟ್ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಬೇರೆ ಬೇರೆ ಸೈಜ್ ಇರುವ ಸೆಟ್ಟನ್ನೇ ತರಿಸಿಕೊಳ್ಳಿ.

ಇನ್ನೊಂದು ವಿಷಯ. ಎಲ್ಲ ಕಿಟಕಿ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಮಳೆ ಬಂದರೆ ಒಂದು ತೂತು ಮುಚ್ಚಬಹುದು, ಆರು ತೂತು ಮುಚ್ಚಲಾಗುವುದಿಲ್ಲ. ಬಿಚ್ಚದ ಕಿಟಕಿ ಮುಂದಿದ್ದರೆ ಯಾವ ಭಾಗ ಎಲ್ಲಿ ಕೂರುತ್ತದೆ ಎಂದು ನೋಡಿಕೊಳ್ಳಲೂ ಆಗುತ್ತದೆ.

## ಹಂತ 3: ಒಡೆದ ಗಾಜನ್ನು ಕಟ್ಟಿಹಾಕಿ

ಗಾಜಿನ ಎರಡೂ ಮುಖಕ್ಕೆ ಅಗಲ ಟೇಪು ಅಡ್ಡಡ್ಡ, ಉದ್ದುದ್ದ ಅಂಟಿಸಿ. ಈ ಹಳೇ ಟ್ರೇಲರ್‌ಗಳಲ್ಲಿ ಬಹಳಷ್ಟು ಕಡೆ ಇರುವುದು ಮಾಮೂಲಿ ಗಾಜು. ಅದು ಪುಡಿಯಾಗುವುದಿಲ್ಲ, ಚಾಕುವಿನಂಥ ಉದ್ದ ಚೂರುಗಳಾಗುತ್ತದೆ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ.

ಸ್ಪಿರಿಟ್ ಮುಚ್ಚಳ ತೆಗೆಯುವ ಮೊದಲು ಟ್ರೇಲರ್‌ನ ಪ್ರೊಪೇನ್ ಸಿಲಿಂಡರ್ ಆಫ್ ಮಾಡಿ. ಫ್ರಿಜ್ಜಿನ, ಒಲೆಯ ಪೈಲಟ್ ಉರಿ ಆರಿದೆಯಾ ಎಂದು ಕಣ್ಣಾರೆ ನೋಡಿ. ಇದನ್ನು ತುಂಬ ಜನ ಮರೆಯುತ್ತಾರೆ.

## ಹಂತ 4: ಕಿಟಕಿ ಬಿಚ್ಚಿ

ಮೊದಲು ರೆಕ್ಕೆ. ಕಿಟಕಿಯನ್ನು ಪೂರ್ತಿ ತೆರೆದು, ಹ್ಯಾಂಡಲ್‌ನಿಂದ ಬರುವ ತೋಳುಗಳನ್ನು ರೆಕ್ಕೆಯಿಂದ ಬಿಡಿಸಿ. ಈ ಥರದ ಬಹಳಷ್ಟು ಕಿಟಕಿಗಳಲ್ಲಿ ರೆಕ್ಕೆಯ ಮೇಲಂಚು ಒಂದು ಗಾಡಿಯೊಳಗೆ, ಅಂದರೆ ಚೌಕಟ್ಟಿನಲ್ಲಿ ಉದ್ದಕ್ಕೂ ಇರುವ ಕಾಲುವೆಯಂಥ ತಗ್ಗಿನೊಳಗೆ, ಕೂತಿರುತ್ತದೆ, ಪಕ್ಕಕ್ಕೆ ಜಾರಿಸಿದರೆ ಹೊರಗೆ ಬರುತ್ತದೆ. ಬರದಿದ್ದರೆ ಎಳೆದಾಡಬೇಡಿ. ಒಂದು ತುದಿಯಲ್ಲಿ ಚಿಕ್ಕ ಸ್ಕ್ರೂ ಇರುತ್ತದೆ, ಇಲ್ಲವೇ ಗಾಡಿಯ ಅಂಚನ್ನು ಕುಟ್ಟಿ ತಗ್ಗು ಮಾಡಿರುತ್ತಾರೆ. ಅದನ್ನು ಹುಡುಕಿ.

ಹೊರಚೌಕಟ್ಟು ಸೋರುತ್ತಿಲ್ಲ, ಸುತ್ತಲಿನ ಒಳಗೋಡೆಯ ಪ್ಲೈವುಡ್ ಮೇಲೆ ಕಪ್ಪು ಕಲೆ ಇಲ್ಲ ಎಂದಾದರೆ ಅದನ್ನು ಹಾಗೇ ಬಿಟ್ಟು ರೆಕ್ಕೆಯ ಕೆಲಸ ಮಾತ್ರ ಮಾಡಬಹುದು. ಆದರೆ ಒಂದು ಸಣ್ಣ ಕಲೆ ಕಂಡರೂ ಹೊರಚೌಕಟ್ಟು ಬಿಚ್ಚಲೇಬೇಕು. ಅರವತ್ತು ವರ್ಷದ ಹಿಂದಿನ ಪುಟ್ಟಿ ಇನ್ನೂ ಕೆಲಸ ಮಾಡುತ್ತಿದೆ ಎಂದು ನಂಬಿ ಕೂರುವುದು ಬೇಡ.

ಸ್ಕ್ರೂಗಳೆಲ್ಲ ತೆಗೆದ ಮೇಲೂ ಚೌಕಟ್ಟು ಅಲ್ಲಾಡುವುದಿಲ್ಲ, ಹಳೇ ಪುಟ್ಟಿ ಹಿಡಿದುಕೊಂಡಿರುತ್ತದೆ. ಹೀಟ್ ಗನ್ನಿನಿಂದ ಹಿತವಾಗಿ ಬಿಸಿ ಮಾಡುತ್ತಾ, ತಗಡಿಗೂ ಚೌಕಟ್ಟಿಗೂ ನಡುವೆ ಪುಟ್ಟಿ ಚಾಕು ತೂರಿಸಿ, ಸುತ್ತ ಬಂದು ಮತ್ತೆ ಸುತ್ತ ಬನ್ನಿ. ಒಂದೇ ಕಡೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಗಡು ಮಡಚಿಕೊಳ್ಳುತ್ತದೆ. ಆ ಮಡಿಕೆ ಮತ್ತೆ ಸಪಾಟಾಗುವುದಿಲ್ಲ, ಮುಂದೆ ನೀರು ಬರುವುದು ಅಲ್ಲಿಂದಲೇ.

## ಹಂತ 5: ಮರವನ್ನು ಚುಚ್ಚಿ ನೋಡಿ

ಅವಸರ ಮಾಡಬಾರದ ಹಂತ ಇದು. ಕಿಟಕಿ ತೆಗೆದ ತೂತಿನ ಸುತ್ತ ಮರದ ಪಟ್ಟಿ ಕಾಣುತ್ತದೆ. ದಬ್ಬಣ ತಗೊಂಡು ಒಂದೊಂದು ಇಂಚಿಗೂ ಚುಚ್ಚಿ. ಗಟ್ಟಿ ಮರದಲ್ಲಿ ತುದಿ ಮಾತ್ರ ಇಳಿದು ನಿಲ್ಲುತ್ತದೆ. ಲಡ್ಡು ಹಿಡಿದ ಮರದಲ್ಲಿ ಸದ್ದಿಲ್ಲದೆ ಒಳಕ್ಕೆ ಹೋಗುತ್ತದೆ, ಹೊರಗೆಳೆದರೆ ತುದಿಗೆ ಕಂದು ಪುಡಿ ಅಂಟಿಕೊಂಡು ಬರುತ್ತದೆ, ಮೂಗಿನ ಹತ್ತಿರ ಹಿಡಿದರೆ ಒದ್ದೆ ಮಣ್ಣಿನ ವಾಸನೆ. ಕೆಳಗಿನ ಎರಡು ಮೂಲೆಗಳನ್ನು ಜಾಸ್ತಿ ಪರೀಕ್ಷೆ ಮಾಡಿ, ನೀರು ಇಳಿದು ನಿಲ್ಲುವುದು ಅಲ್ಲಿ.

ಸ್ಕ್ರೂ ತೂತು ಮಾತ್ರ ಸಡಿಲವಾಗಿದ್ದರೆ ಮರದ ಅಂಟು ಹಚ್ಚಿದ ಹಲ್ಲುಕಡ್ಡಿಗಳನ್ನು ತುಂಬಿ, ಒಣಗಿದ ಮೇಲೆ ಸಪಾಟಾಗಿ ಕತ್ತರಿಸಿದರೆ ಸಾಕು. ಬೆರಳಗಲ ಮೆತ್ತಗಾಗಿದ್ದರೆ ಮರ ಗಟ್ಟಿ ಮಾಡುವ ಎಪಾಕ್ಸಿ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಕೊಳೆತಿದ್ದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡು ಕೂರಿಸಲೇಬೇಕು. ಕೊಳೆತ ಮರಕ್ಕೆ ಉದ್ದ ಸ್ಕ್ರೂ ಹೊಡೆದರೆ ಹಿಡಿದುಕೊಳ್ಳುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಹೊರಟ ಟ್ರೇಲರ್‌ನ ಗೋಡೆ ಸದಾ ನಡುಗುತ್ತಿರುತ್ತದೆ, ಆ ನಡುಕಕ್ಕೆ ಸ್ಕ್ರೂ ಸಡಿಲಾಗಿ, ಚೌಕಟ್ಟು ತಿರುಚಿಕೊಂಡು, ಆ ಭಾರವೆಲ್ಲ ನಿಮ್ಮ ಹೊಸ ಗಾಜಿನ ಮೂಲೆಗೆ ಬೀಳುತ್ತದೆ.

ಮರ ಒದ್ದೆಯಿದ್ದರೆ ಪೂರ್ತಿ ಒಣಗಲು ಬಿಡಿ. ಹಗಲು ಗಾಳಿಗೆ ತೆರೆದಿಟ್ಟು ರಾತ್ರಿ ಪ್ಲಾಸ್ಟಿಕ್ ಹಾಳೆ ಕಟ್ಟಿ. ಒದ್ದೆ ಮರದ ಮೇಲೆ ಸೀಲ್ ಮಾಡಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ.

## ಹಂತ 6: ಚೌಕಟ್ಟು ಶುಚಿ ಮಾಡಿ, ಮೂಲೆ ನೇರ ಮಾಡಿ

ರೆಕ್ಕೆಯ ನಾಲ್ಕು ಬದಿಗಳು ಮೂಲೆಯಲ್ಲಿ ಸ್ಕ್ರೂನಿಂದ ಜೋಡಿಯಾಗಿದ್ದರೆ, ಒಂದು ಬದಿಯ ಎರಡು ಮೂಲೆ ಬಿಚ್ಚಿ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಆ ಬದಿ ಕಳಚಿ ಗಾಜು ಜಾರಿ ಬರುತ್ತದೆ. ಇನ್ನು ಕೆಲವು ರೆಕ್ಕೆಗಳಲ್ಲಿ ಹೀಗಿಲ್ಲ. ಗಾಜನ್ನು ಪುಟ್ಟಿಯ ಮೇಲೆ ಕೂರಿಸಿ, ಒಂದು ಕಡೆಯಿಂದ ವಿನೈಲ್ ಬೀಡಿಂಗ್ ಒತ್ತಿರುತ್ತಾರೆ. ಅಂಥ ಕಡೆ ಬೀಡಿಂಗಿನ ಒಂದು ತುದಿ ಎತ್ತಿ ಎಳೆದರೆ ಗಾಜು ಆ ಕಡೆಯಿಂದಲೇ ಬರುತ್ತದೆ, ಮೂಲೆ ಬಿಚ್ಚುವುದು ಬೇಕಿಲ್ಲ. ಹಳೇ ಬೀಡಿಂಗ್ ಎಷ್ಟೇ ಚೂರಾಗಿದ್ದರೂ ಅಂಗೈ ಉದ್ದದ ಒಂದು ತುಂಡು ಎತ್ತಿಡಿ. ಹೊಸದನ್ನು ತರಿಸುವಾಗ ಅದರ ಅಡ್ಡಸೀಳಿನ ಆಕಾರ ಹೋಲಿಸಿ ನೋಡಲೇಬೇಕು, ಹೆಸರು ನೋಡಿ ತರಿಸಿದರೆ ತಪ್ಪು ಬರುತ್ತದೆ.

ಈಗ ಹಳೇ ಪುಟ್ಟಿ ಕೆರೆಯಬೇಕು. ಒಣಗಿದ ಪುಟ್ಟಿಯನ್ನು ವೈರ್ ಬ್ರಷ್ ಹಾಕಿ ಧೂಳೆಬ್ಬಿಸಬೇಡಿ. ಅಮೆರಿಕದಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸ ನಿಷೇಧವಾಗಿದ್ದು 1978ರಲ್ಲಿ, ನಿಮ್ಮ ಟ್ರೇಲರ್ ಅದಕ್ಕಿಂತ ಹಿಂದಿನದು. ಹಳೇ ಪುಟ್ಟಿಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯೂ ಇದೆ. ಸ್ಪಿರಿಟ್‌ನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಒದ್ದೆಯಾಗಿಯೇ ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿಡಿ.

ರೆಕ್ಕೆಯ ಕೆಳಬದಿಯಲ್ಲೂ ಹೊರಚೌಕಟ್ಟಿನ ಕೆಳಬದಿಯಲ್ಲೂ ಸಣ್ಣ ತೂತು ಅಥವಾ ಸೀಳು ಇವೆಯಾ ಹುಡುಕಿ. ನೀರು ಹೊರಗೆ ಹೋಗುವ ದಾರಿ ಅದು. ಹಿಂದೆ ರಿಪೇರಿ ಮಾಡಿದವರು ಅದು ಸೋರುವ ತೂತು ಅಂದುಕೊಂಡು ಸಿಲಿಕೋನ್ ತುಂಬಿರುತ್ತಾರೆ. ಬೆಂಕಿಕಡ್ಡಿ ಹಾಕಿ ಬಿಡಿಸಿ, ನೀರು ಹಾಕಿ ಹರಿಯುತ್ತದೆಯಾ ನೋಡಿ.

ಕೊನೆಗೆ ಒಂದು ಮೂಲೆಯಿಂದ ಓರೆಯಾಗಿ ಎದುರಿನ ಮೂಲೆಗೆ ಅಡ್ಡ ಅಳತೆ. ಎರಡೂ ಅಡ್ಡ ಅಳತೆ ಒಂದೇ ಬರಬೇಕು. ಬರದಿದ್ದರೆ ಮೂಲೆ ಸ್ಕ್ರೂ ಸಡಿಲಿಸಿ, ಅಳತೆ ಉದ್ದ ಬಂದ ಕಡೆಯ ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಮಾಡಿ. ಸೊಟ್ಟ ಚೌಕಟ್ಟಿಗೆ ಅಳತೆ ತೆಗೆದರೆ ಮುಂದಿನದೆಲ್ಲ ಸೊಟ್ಟ.

## ಹಂತ 7: ಅಳತೆ ಮತ್ತು ಮಾದರಿ

ಒಡೆದ ಗಾಜಿನ ಚೂರು ಜೋಡಿಸಿ ಅಳೆಯಬೇಡಿ. ಆ ಗಾಜು ಕೂಡ ಯಾರೋ ನಡುವೆ ಹಾಕಿದ್ದಿರಬಹುದು. ಚೌಕಟ್ಟಿನ ಗಾಡಿಯ ತಳದಿಂದ ಎದುರಿನ ಗಾಡಿಯ ತಳಕ್ಕೆ ಅಳೆಯಿರಿ. ಅಡ್ಡಕ್ಕೆ ಮೂರು ಕಡೆ, ಉದ್ದಕ್ಕೆ ಮೂರು ಕಡೆ, ಇದ್ದುದರಲ್ಲಿ ಚಿಕ್ಕ ಅಳತೆ ತಗೊಳ್ಳಿ.

ಅದರಲ್ಲಿ ಎರಡು ಕಳೆಯಬೇಕು. ಗಾಜಿನ ಅಂಚಿಗೂ ಗಾಡಿಗೂ ನಡುವೆ ಬರುವ ವಿನೈಲ್‌ನ ದಪ್ಪ ಒಂದು, ಪ್ರತಿ ಬದಿಗೂ 1/16 ಇಂಚು ಖಾಲಿ ಜಾಗ ಇನ್ನೊಂದು. ಗಾಡಿಯಿಂದ ಗಾಡಿಗೆ 24 ಇಂಚು ಇದೆ, ವಿನೈಲ್ 1/16 ಇಂಚು ದಪ್ಪ ಇದೆ ಅಂದುಕೊಳ್ಳಿ. ಎರಡು ಬದಿಯ ವಿನೈಲ್‌ಗೆ 1/8, ಎರಡು ಬದಿಯ ಖಾಲಿ ಜಾಗಕ್ಕೆ 1/8, ಒಟ್ಟು 1/4 ಇಂಚು ಹೋಯಿತು. ಗಾಜು 23 3/4 ಇಂಚು. ಬಿಸಿಲಿಗೆ ಅಲ್ಯುಮಿನಿಯಂ ಹಿಗ್ಗುವಷ್ಟು ಗಾಜು ಹಿಗ್ಗುವುದಿಲ್ಲ, ಚಳಿಗೆ ಅದು ಕುಗ್ಗುವಷ್ಟು ಇದು ಕುಗ್ಗುವುದಿಲ್ಲ. ಆ 1/16 ಇಂಚು ಇಲ್ಲದಿದ್ದರೆ ಚಳಿಗಾಲದ ಒಂದು ಬೆಳಗ್ಗೆ ಚೌಕಟ್ಟು ಗಾಜನ್ನು ಹಿಂಡುತ್ತದೆ. ನಿಂತಲ್ಲೇ ಬಿರುಕು ಬಿಟ್ಟಿತು, ಯಾರೂ ಮುಟ್ಟಿರಲಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಕಾರಣ ಬಹಳ ಸಲ ಇದೇ.

ಈ ಅಳತೆಗೆ 1/8 ಇಂಚು ದಪ್ಪದ ಹಾರ್ಡ್‌ಬೋರ್ಡ್ (ಮರದ ನಾರು ಒತ್ತಿ ಮಾಡಿದ ತೆಳು ಹಲಗೆ) ಕತ್ತರಿಸಿ, ವಿನೈಲ್ ಸಮೇತ ಚೌಕಟ್ಟಿನಲ್ಲಿ ಕೂರಿಸಿ, ಮೂಲೆಗಳನ್ನು ಪೂರ್ತಿ ಜೋಡಿಸಿ ನೋಡಿ. ಬೆರಳಿನಿಂದ ಒತ್ತಿದರೆ ಕೂದಲೆಳೆ ಅಲ್ಲಾಡಬೇಕು. ಮೂಲೆ ದುಂಡಗಿದ್ದರೆ ಮಾದರಿಯ ಮೂಲೆಯನ್ನೂ ಅಷ್ಟೇ ದುಂಡಗೆ ಉಜ್ಜಿ. ಗಾಜಿನ ಅಂಗಡಿಗೆ ಒಯ್ಯಬೇಕಾದ್ದು ಈ ಹಲಗೆಯನ್ನು, ಬರೀ ಚೀಟಿಯನ್ನಲ್ಲ. ಹಲಗೆಯ ಮೇಲೆ "ಹೊರಮುಖ", "ಮೇಲೆ" ಎಂದು ಬರೆದಿಡಿ.

## ಹಂತ 8: ಯಾವ ಗಾಜು?

ಮಾಮೂಲಿ ಗಾಜು ಬೇಡ. ಓಡುವ ಬಂಡಿಯಲ್ಲಿ, ಮಕ್ಕಳು ತಲೆ ಇಟ್ಟು ಮಲಗುವ ಜಾಗದ ಪಕ್ಕ, ಅದು ಸರಿಯಲ್ಲ. ಉಳಿಯುವುದು ಎರಡು.

ಟೆಂಪರ್ಡ್ ಗಾಜು, ನಮ್ಮ ಊರಲ್ಲಿ ಟಫನ್ಡ್ ಅನ್ನುವುದು. ಒಡೆದರೆ ಮೊಂಡು ಅಂಚಿನ ಸಣ್ಣ ಹರಳುಗಳಾಗುತ್ತದೆ. 1/8 ಇಂಚಿನಲ್ಲೂ ಮಾಡಿಸಬಹುದು, ಹಾಗಾಗಿ ಚೌಕಟ್ಟಿನ ಹಳೇ ಗಾಡಿಯಲ್ಲಿ ಕೂರುತ್ತದೆ. ಆದರೆ ಕತ್ತರಿಸಿ, ಅಂಚು ನಯ ಮಾಡಿ, ಆಮೇಲೆ ಕುಲುಮೆಗೆ ಕಳಿಸುತ್ತಾರೆ. ಕುಲುಮೆಯಿಂದ ಬಂದ ಮೇಲೆ ಕೂದಲೆಳೆಯಷ್ಟೂ ಉಜ್ಜಲು ಆಗುವುದಿಲ್ಲ, ಉಜ್ಜಿದರೆ ಇಡೀ ಗಾಜು ಪುಡಿ. ಹಲಗೆ ಮಾದರಿಗೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

ಲ್ಯಾಮಿನೇಟೆಡ್ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು. ಒಡೆದರೂ ಉದುರದೆ ನಿಲ್ಲುತ್ತದೆ. ಮುಂದಿನ ಕಿಟಕಿಗೆ, ಅಂದರೆ ಎಳೆಯುವ ಕಾರಿನ ಚಕ್ರದಿಂದ ಕಲ್ಲು ಹಾರಿ ಬೀಳುವ ಕಿಟಕಿಗೆ, ನಾನು ಇದನ್ನೇ ಹಾಕಿ ಅನ್ನುತ್ತೇನೆ. ತೊಂದರೆ ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 1/4 ಇಂಚು ದಪ್ಪದ್ದು. ನಿಮ್ಮ ಗಾಡಿಗೆ ಅದು ಕೂರುತ್ತದೆಯಾ, ಆ ತೂಕವನ್ನು ಹ್ಯಾಂಡಲ್ ಎತ್ತುತ್ತದೆಯಾ ಎಂದು ಮೊದಲೇ ನೋಡಿಕೊಳ್ಳಿ. ತೆರೆಯುವ ಪಕ್ಕದ ಕಿಟಕಿಗಳಿಗೆ ಟೆಂಪರ್ಡ್ ಸಾಕು.

ಅಕ್ರಿಲಿಕ್ ಹಾಳೆ ಹಾಕಬಹುದಾ ಎಂದು ಕೇಳುವವರಿದ್ದಾರೆ. ತಾತ್ಕಾಲಿಕವಾಗಿ ಆಗಬಹುದು. ಅದು ಗಾಜಿಗಿಂತ ಸುಮಾರು ಎಂಟು ಪಟ್ಟು ಹಿಗ್ಗುತ್ತದೆ, ಗೀರು ಬೀಳುತ್ತದೆ, ಬಿಸಿಲಿಗೆ ಬಾಗಿ ಸೀಲು ಬಿಡಿಸಿಕೊಳ್ಳುತ್ತದೆ.

## ಹಂತ 9: ಗಾಜು ಕೂರಿಸಿ

ವಿನೈಲ್ ಬೀಡಿಂಗನ್ನು ಬಿಸಿ ನೀರಿನ ಬಕೆಟ್‌ನಲ್ಲಿ ಐದು ನಿಮಿಷ ಇಟ್ಟರೆ ಹೇಳಿದ ಹಾಗೆ ಬಗ್ಗುತ್ತದೆ. ಗಾಜಿನ ಮೇಲಂಚಿನ ನಡುವಿನಿಂದ ಶುರು ಮಾಡಿ ಸುತ್ತ ಬಂದು ಅಲ್ಲೇ ಮುಗಿಸಿ. ಜೋಡಣೆ ಕೆಳಗೆ ಬಂದರೆ ನಿಂತ ನೀರು ಅಲ್ಲಿಂದಲೇ ಜಿನುಗುತ್ತದೆ. ಮೂಲೆಗಳಲ್ಲಿ ಬೀಡಿಂಗಿನ ಎರಡು ಪಕ್ಕಗಳಿಗೆ ಮಾತ್ರ ಕಚ್ಚು ಹಾಕಿ, ತಳ ಕತ್ತರಿಸಬೇಡಿ.

ಬೀಡಿಂಗನ್ನು ಎಳೆದು ಬಿಗಿಯಾಗಿ ಸುತ್ತಬೇಡಿ. ಹಾಕಿದ ದಿನ ಅಂದವಾಗಿ ಕಾಣುತ್ತದೆ, ಕೆಲವು ವಾರದಲ್ಲಿ ಕುಗ್ಗಿ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಸ್ವಲ್ಪ ಉದ್ದವೇ ಕತ್ತರಿಸಿ, ಒಳಕ್ಕೆ ತಳ್ಳುತ್ತಾ ಹೋಗಿ.

ಗಾಡಿಗೆ ಸೋಪಿನ ನೀರು ನಾಲ್ಕು ಹನಿ ಸವರಿ, ಗಾಜು ಜಾರಿಸಿ, ಬಿಚ್ಚಿದ್ದ ಬದಿಯನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ. ಹೊಡೆತ ಚೌಕಟ್ಟಿನ ಮೂಲೆಗೆ ಬೀಳಬೇಕು, ನಡುವಿಗಲ್ಲ. ಸ್ಕ್ರೂ ಹಾಕಿದರೆ ಮಾತ್ರ ಮೂಲೆ ಕೂಡುತ್ತದೆ ಅನ್ನುವ ಸ್ಥಿತಿ ಇದ್ದರೆ ನಿಲ್ಲಿಸಿ, ಗಾಜು ದೊಡ್ಡದಾಗಿದೆ ಎಂದರ್ಥ. ಸ್ಕ್ರೂ ಬಲದಿಂದ ಎಳೆದು ಕೂಡಿಸಿದ ಗಾಜು ಒಂದಲ್ಲ ಒಂದು ದಿನ ಒಡೆಯುತ್ತದೆ.

ಪುಟ್ಟಿಯ ಮೇಲೆ ಕೂರುವ ಥರದ ರೆಕ್ಕೆಯಲ್ಲಿ ಅಂಚಿನ ಕೆಳಗೆ ವಿನೈಲ್ ಇರುವುದಿಲ್ಲ. ಅಲ್ಲಿ ಕೆಳಬದಿಯ ಗಾಡಿಯಲ್ಲಿ, ಎರಡೂ ತುದಿಯಿಂದ ಕಾಲು ಭಾಗ ದೂರದಲ್ಲಿ, ರಬ್ಬರಿನ ಎರಡು ಚಿಕ್ಕ ತುಂಡು ಇಟ್ಟು ಅದರ ಮೇಲೆ ಗಾಜು ನಿಲ್ಲಿಸಿ. ಆ ತುಂಡು ನೀರು ಹೋಗುವ ತೂತಿನ ಮೇಲೆ ಬರಬಾರದು.

ಸಿಲಿಕೋನ್ ಬಗ್ಗೆ ಒಂದು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಲ್ಯಾಮಿನೇಟೆಡ್ ಗಾಜಿನ ಅಂಚಿಗೆ ತಾಗಬಾರದು, ಒಳಗಿನ ಪದರ ಬಿಟ್ಟುಕೊಂಡು ಅಂಚಿನುದ್ದಕ್ಕೂ ಮಂಜು ಮಂಜಾಗುತ್ತದೆ. ಟ್ರೇಲರ್‌ನ ಹೊರಗಂತೂ ಯಾವ ಸಿಲಿಕೋನೂ ಬೇಡ. ಒಮ್ಮೆ ಸವರಿದ ತಗಡಿನ ಮೇಲೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ.

## ಹಂತ 10: ಗೋಡೆಗೆ ಹಚ್ಚಿ

ಬ್ಯೂಟೈಲ್ ಟೇಪು ಹಲಸಿನ ಮೇಣದ ಹಾಗೆ. ಅಂಟಬೇಕಾದ ಕಡೆಗಿಂತ ಬೇಡದ ಕಡೆ ಬೇಗ ಅಂಟುತ್ತದೆ. ಕಿಟಕಿ ತೂತಿನ ಸುತ್ತಲಿನ ತಗಡಿಗೆ ಮೊದಲೇ ಮಾಸ್ಕಿಂಗ್ ಟೇಪು ಹಚ್ಚಿಟ್ಟರೆ ಆಮೇಲಿನ ಉಜ್ಜಾಟ ಅರ್ಧ ಉಳಿಯುತ್ತದೆ. ಹವೆ 10 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಕೆಳಗಿದ್ದರೆ ಈ ಕೆಲಸ ಮುಂದೂಡಿ. ಚಳಿಗೆ ಬ್ಯೂಟೈಲ್ ಗಟ್ಟಿಯಾಗಿ ಹರಡುವುದೇ ಇಲ್ಲ.

ಟೇಪನ್ನು ಹೊರಚೌಕಟ್ಟಿನ ಒಳಮುಖಕ್ಕೆ ಸುತ್ತ ಅಂಟಿಸಿ. ಮೂಲೆಯಲ್ಲಿ ಒಂದರ ಮೇಲೊಂದು ಹಾಯಿಸಬೇಡಿ, ತುದಿಗೆ ತುದಿ ತಾಗಿಸಿ ಬೆರಳಿನಿಂದ ಬೆಸೆಯಿರಿ. ತಗಡಿನಲ್ಲಿ ಏರುತಗ್ಗು ಇರುವ ಕಡೆ ಮಾತ್ರ ಇನ್ನೊಂದು ಪದರ ಹಾಕಿ. ಒಬ್ಬರು ಹೊರಗಿನಿಂದ ಹಿಡಿದುಕೊಳ್ಳಲಿ, ಇನ್ನೊಬ್ಬರು ಒಳಗಿನಿಂದ ನೋಡಿ ನಡುವಿಗೆ ತರಲಿ.

ಸ್ಕ್ರೂ ಹಾಕುವಾಗ ಡ್ರಿಲ್ ಬೇಡ, ಕೈಯಲ್ಲಿ ತಿರುಗಿಸಿ. ಮೊದಲು ನಾಲ್ಕು ಮೂಲೆ, ಆಮೇಲೆ ಎದುರು ಬದುರು. ಪ್ರತಿ ಸ್ಕ್ರೂಗೂ ಸೀಲೆಂಟಿನ ಚಿಕ್ಕ ಚುಕ್ಕೆ. ಬ್ಯೂಟೈಲ್ ಸುತ್ತಲೂ ಒಂದೇ ಸಮ ಹೊರಗೆ ಇಣುಕಿತು ಅಂದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಒಂದು ಕಡೆ ಇಣುಕದಿದ್ದರೆ ಅಲ್ಲಿ ಖಾಲಿ ಇದೆ. ಬಿಗಿ ಮಾಡಿ ಸರಿಪಡಿಸಲು ಹೋಗದೆ ತೆಗೆದು ಟೇಪು ಸೇರಿಸಿ.

ಮರುದಿನ ಸ್ಕ್ರೂಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಹೊರಬಂದ ಬ್ಯೂಟೈಲನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ. ಆಮೇಲೆ ಮೇಲಂಚು ಮತ್ತು ಎರಡು ಪಕ್ಕಕ್ಕೆ ಮಾತ್ರ ಸೀಲೆಂಟಿನ ತೆಳು ಗೆರೆ ಎಳೆಯಿರಿ. ಕೆಳಗಿನ ಅಂಚಿಗೆ ಬೇಡ. ಅಲ್ಲಿ ಬ್ಯೂಟೈಲ್ ಇದೆ, ನೀರು ಹೋಗುವ ತೂತೂ ಇದೆ, ಅದು ತೆರೆದೇ ಇರಲಿ. ಇನ್ನು, ಸೋರುತ್ತದೆ ಎಂದು ತೆರೆಯುವ ಕಿಟಕಿಯನ್ನೇ ಕಾಯಂ ಆಗಿ ಅಂಟಿಸಿಬಿಡುವವರಿದ್ದಾರೆ. ಬೆಂಕಿ ಬಿದ್ದರೆ ಒಂದೇ ಬಾಗಿಲಿನ ಆ ಡಬ್ಬಿಯಿಂದ ಹೊರಬರಲು ಇನ್ನೊಂದು ದಾರಿ ಬೇಕಲ್ವಾ? ಹಾಗೆ ಮಾಡಬೇಡಿ.

## ಹಂತ 11: ನೀರು ಬಿಟ್ಟು ನೋಡಿ

ಸೀಲೆಂಟ್ ಒಣಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮಾಮೂಲಿ ಪೈಪಿನಲ್ಲಿ ನೀರು ಬಿಡಿ. ಪ್ರೆಷರ್ ವಾಷರ್ ಬೇಡ, ಒಳ್ಳೆಯ ಸೀಲನ್ನೂ ಅದು ಭೇದಿಸುತ್ತದೆ.

ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಕೆಳಗಿನ ಅಂಚಿಗೆ ಐದು ನಿಮಿಷ, ಆಮೇಲೆ ಪಕ್ಕ, ಆಮೇಲೆ ಮೇಲಂಚು, ಕೊನೆಗೆ ಕಿಟಕಿಯ ಮೇಲಿರುವ ತಗಡಿನ ಜೋಡಣೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತು, ನೀರು ಕಂಡ ಕೂಡಲೇ ಕೂಗಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒಟ್ಟಿಗೆ ನೀರು ಹರಿದು, ಯಾವುದು ಸೋರಿತು ಎಂದು ಗೊತ್ತಾಗುವುದಿಲ್ಲ. ಕಿಟಕಿಗೆ ನೀರು ಬಿಟ್ಟಾಗ ಒಣಗಿದ್ದು, ಮೇಲಿನ ಜೋಡಣೆಗೆ ಬಿಟ್ಟಾಗ ಕಿಟಕಿಯಿಂದ ತೊಟ್ಟಿಕ್ಕಿದರೆ ತಪ್ಪು ಕಿಟಕಿಯದಲ್ಲ. ಮೇಲಿನ ಆ ಜೋಡಣೆ ಸೋರುತ್ತಿದೆ. ಸುಮ್ನೆ ಕಿಟಕಿ ಬಿಚ್ಚಬೇಡಿ.

## ಆಮೇಲೆ ಕಣ್ಣಿಡಬೇಕಾದ್ದು

ಕಿಟಕಿ ಕೆಳಗೆ ಪ್ಲೈವುಡ್‌ನ ಬಣ್ಣ ಕಪ್ಪಾಗುತ್ತಾ ಬಂದರೆ ನೀರು ಕಾಣದಿದ್ದರೂ ಬರುತ್ತಿದೆ. ಗಾಜು ಓಡುವಾಗ ಗಡಗಡ ಅಂದರೆ ಬೀಡಿಂಗ್ ತೆಳುವಾಯಿತು, ಹ್ಯಾಂಡಲ್ ಮೊದಲಿಗಿಂತ ಬಿಗಿಯಾದರೆ ಚೌಕಟ್ಟು ಸೊಟ್ಟಗಾಗುತ್ತಿದೆ. ಮೊದಲ ದೂರದ ಪ್ರಯಾಣದಿಂದ ಬಂದ ಕೂಡಲೇ ಎಲ್ಲ ಸ್ಕ್ರೂಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಪೂರ್ತಿ ಒಂದು ಸುತ್ತು ತಿರುಗಿದ ಸ್ಕ್ರೂ ಇದ್ದರೆ ಅದರ ಹಿಂದಿನ ಮರ ಹಿಡಿಯುತ್ತಿಲ್ಲ, ಅಲ್ಲಿಗೆ ಹಂತ 5ರ ಕೆಲಸ ಇನ್ನೂ ಬಾಕಿ ಇದೆ. ಹಾರ್ಡ್‌ಬೋರ್ಡ್ ಮಾದರಿಗಳನ್ನು ಎಸೆಯದೆ, ಯಾವ ಕಿಟಕಿ, ಗಾಜಿನ ದಪ್ಪ ಎಷ್ಟು ಎಂದು ಬರೆದು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಡಿ. ದಾರಿಯಲ್ಲಿ ಎಲ್ಲೋ ಗಾಜು ಒಡೆದರೆ ಹತ್ತಿರದ ಊರಿನ ಗಾಜಿನ ಅಂಗಡಿಗೆ ನೇರ ಒಯ್ದು ಕೊಡಬಹುದು.